ಎಂಟನೇ ವಚನದ ಆಚೆ

ನಮ್ಮ ಸಭಾಪಾಲಕರ ಕಪಾಟಿನಲ್ಲಿ ಬೈಬಲ್ ವ್ಯಾಖ್ಯಾನಗಳ ದಪ್ಪ ಸಂಪುಟಗಳು ಸಾಲಾಗಿ ನಿಂತಿವೆ. ಪ್ರಸಂಗ ಸಿದ್ಧಪಡಿಸುವಾಗ ತಿರುವಿಹಾಕುತ್ತಾರೆ, ಒಳ್ಳೆಯ ದೃಷ್ಟಾಂತ ಸಿಕ್ಕರೆ ಎತ್ತಿಕೊಳ್ಳುತ್ತಾರೆ. ಅದೇ ಪುಟಗಳಲ್ಲಿ ವಿದ್ವಾಂಸರು ತಲೆಕೆಡಿಸಿಕೊಂಡ ಸಂಗತಿಗಳು ಮಾತ್ರ ಸಭೆಯ ಕಿವಿಗೆ ಬೀಳುವುದೇ ಇಲ್ಲ. ವರ್ಷಗಳಿಂದ ಸಂಡೇ ಸ್ಕೂಲ್ ನಡೆಸುತ್ತಿರುವ ನನಗೆ ಇದು ಸರಿಕಾಣುವುದಿಲ್ಲ.

ಮಾರ್ಕನ ಸುವಾರ್ತೆಯ ಕೊನೆಯನ್ನೇ ನೋಡಿ. ಸಿನಾಯಿಟಿಕಸ್, ವ್ಯಾಟಿಕನಸ್ ಎಂಬ 4ನೇ ಶತಮಾನದ ಎರಡು ಗ್ರೀಕ್ ಹಸ್ತಪ್ರತಿಗಳಲ್ಲಿ ಅದು 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಸಮಾಧಿಯಿಂದ ಓಡಿಹೋದ ಹೆಂಗಸರು ಹೆದರಿ ಬಾಯಿಬಿಡಲಿಲ್ಲ, ಅಷ್ಟೇ. ಮುಂದಿನ 12 ವಚನಗಳು ಬೇರೆ ಕೈಯವು ಎನ್ನುವವರೇ ವ್ಯಾಖ್ಯಾನಕಾರರಲ್ಲಿ ಹೆಚ್ಚು. ಇದನ್ನು ಹೇಳಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು, "ಅವರು ಯಾರಿಗೂ ಹೇಳದಿದ್ದರೆ ನಮಗೆ ಹೇಗೆ ಗೊತ್ತಾಯ್ತು ಟೀಚರ್?" ಎಂದಳು. ದೊಡ್ಡ ವಿದ್ವಾಂಸರನ್ನು ಕಾಡಿದ್ದೂ ಅದೇ. ಮಾರ್ಕ ಬೇಕೆಂದೇ ಅಲ್ಲಿ ನಿಲ್ಲಿಸಿದನೋ, ಕೊನೆಯ ಹಾಳೆ ಕಳೆದುಹೋಯಿತೋ ಎಂದು ಅವರು ಇನ್ನೂ ಜಗಳವಾಡುತ್ತಿದ್ದಾರೆ.

ಇಂಥದ್ದನ್ನೆಲ್ಲ ಹೇಳಿದರೆ ಜನರ ನಂಬಿಕೆ ಅಲುಗಾಡುತ್ತದೆ ಎನ್ನುತ್ತಾರೆ ಹಿರಿಯರು. ಹೇಳದಿದ್ದರೆ ಏನಾಗುತ್ತದೆ? ಹಾವು ಹಿಡಿದರೂ ವಿಷ ಕುಡಿದರೂ ಕೇಡಾಗದು ಎಂಬ ಮಾತು ಇರುವುದು ಆ 12 ವಚನಗಳಲ್ಲೇ. ಅದನ್ನು ಅಕ್ಷರಶಃ ನಂಬಿ ಅಮೆರಿಕದ ಟೆನೆಸ್ಸಿ ಕಡೆಯ ಜಾರ್ಜ್ ಹೆನ್ಸ್ಲಿ ಎಂಬ ಬೋಧಕ ಆರಾಧನೆಯಲ್ಲಿ ವಿಷದ ಹಾವು ಹಿಡಿಯುವುದನ್ನು ಹಬ್ಬಿಸಿದ. 1955ರಲ್ಲಿ ಹಾವು ಕಚ್ಚಿಯೇ ಸತ್ತ. ವ್ಯಾಖ್ಯಾನ ಓದಿದ್ದರೆ ಅವನು ಬಿಡುತ್ತಿದ್ದನೆಂದು ಹೇಳಲಾರೆ. ಅವನ ಹಿಂದೆ ಹೋದವರಲ್ಲಿ ಒಬ್ಬಿಬ್ಬರಾದರೂ ಪೆಟ್ಟಿಗೆಯ ಮುಚ್ಚಳ ತೆಗೆಯುವ ಮುನ್ನ ಯೋಚಿಸುತ್ತಿದ್ದರೇನೋ.

ವ್ಯಾಖ್ಯಾನಕಾರರು ಸರ್ವಜ್ಞರೇನಲ್ಲ. ಹೊಸ ಒಡಂಬಡಿಕೆಯನ್ನು ಹೆಚ್ಚುಕಡಿಮೆ ಪೂರ್ತಿ ವಿವರಿಸಿದ ಕ್ಯಾಲ್ವಿನ್, ಪ್ರಕಟನೆ ಪುಸ್ತಕಕ್ಕೆ ವ್ಯಾಖ್ಯಾನ ಬರೆಯುವ ತಂಟೆಗೇ ಹೋಗಲಿಲ್ಲ. (ಆ ಒಂದೇ ಪುಸ್ತಕ ಹಿಡಿದು ಲೋಕಾಂತ್ಯದ ಲೆಕ್ಕ ಹಾಕುವ ನಮ್ಮ ಬೋಧಕರು ಇದನ್ನು ಗಮನಿಸಬೇಕು.) ಎಲ್ಲಿ ಸಂಶಯವಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುವುದರಿಂದಲೇ ಆ ಪುಸ್ತಕಗಳ ಮೇಲೆ ನನಗೆ ಭರವಸೆ.

ಬರುವ ಈಸ್ಟರಿಗೆ ಮಕ್ಕಳಿಗೆ 8ನೇ ವಚನದವರೆಗೆ ಓದಿ ನಿಲ್ಲಿಸುತ್ತೇನೆ, ಉಳಿದದ್ದನ್ನು ಮುಂದಿನ ವಾರ, ಯಾಕೆ ಬೇರೆಯಾಗಿ ಓದುತ್ತಿದ್ದೇವೆಂದು ತಿಳಿಸಿ. ಇದೆಲ್ಲ ನಿನ್ನೆ ಮೊನ್ನೆಯ ತರಲೆ ಎಂದು ಸಭಾ ಹಿರಿಯರು ಗದರಿದರೆ, ಹೆಚ್ಚಿನ ಪ್ರತಿಗಳಲ್ಲಿ ಆ ವಚನಗಳಿಲ್ಲವೆಂದು 4ನೇ ಶತಮಾನದಲ್ಲೇ ಗುರುತಿಸಿದ ಬಿಷಪ್ ಯುಸೀಬಿಯಸ್ ಹೆಸರು ಹೇಳಿ ಪಾರಾಗುತ್ತೇನೆ.