ಗೇರು ನಮ್ಮದು, ಹೆಸರು ಯಾರದು?



ಕರಾವಳಿಯ ಗೇರು ತೋಟಗಳಲ್ಲಿ ಮಾರ್ಚ್ ತಿಂಗಳಿನಿಂದ ಮೇ ತಿಂಗಳವರೆಗೆ ಬೀಜ ಹೆಕ್ಕುವ ಕೆಲಸ. ಹೆಕ್ಕಿದ ಬೀಜವನ್ನು ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ, ಗೋಣಿಗೆ ತುಂಬಿ ಅಂಗಡಿಗೆ ಹಾಕಿದರೆ ಬೆಳೆಗಾರನ ಕೆಲಸ ಮುಗಿಯಿತು. ಆ ಬೀಜ ಮುಂದೆ ಎಲ್ಲಿಗೆ ಹೋಯಿತು, ಏನಾಯಿತು, ಅದರ ಮೇಲೆ ಯಾರು ಎಷ್ಟು ಸಂಪಾದಿಸಿದರು ಎಂದು ಕೇಳುವವರು ಕಡಿಮೆ. ಕೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಅದಕ್ಕಾಗಿ, ಗೇರು ಬೆಳೆಯದ ನಾಡಿನಲ್ಲಿ ಕುಳಿತು ಗೋಡಂಬಿಯಿಂದ ಬೆಣ್ಣೆ, ಚೀಸ್ ಮಾಡಿ ಮಾರಿದ ಒಬ್ಬ ಮಹಿಳೆಯ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಅಡುಗೆಮನೆಯಲ್ಲಿ ಆರಂಭ

ಮಿಯೊಕೊ ಶಿನ್ನರ್ ಹುಟ್ಟಿದ್ದು 1957ರಲ್ಲಿ, ಜಪಾನಿನಲ್ಲಿ. ಏಳನೆಯ ವಯಸ್ಸಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಬಂದರು. ಹನ್ನೆರಡನೆಯ ವಯಸ್ಸಿಗೆ ಮಾಂಸ ತಿನ್ನುವುದನ್ನು ಬಿಟ್ಟರು. 1980ರ ದಶಕದಲ್ಲಿ ಹಾಲು, ಬೆಣ್ಣೆ, ಮೊಟ್ಟೆಗಳನ್ನೂ ಬಿಟ್ಟರು. ಆದರೆ ಚೀಸಿನ ರುಚಿಯನ್ನು ನಾಲಿಗೆ ಮರೆಯಲಿಲ್ಲ. ಆ ರುಚಿಯನ್ನು ಸಸ್ಯಮೂಲದಿಂದಲೇ ಏಕೆ ಪಡೆಯಬಾರದು ಎಂದು ಯೋಚಿಸಿದರು.

1990ರ ದಶಕದ ಆರಂಭದಲ್ಲಿ ಅವರ ಅಡುಗೆ ಪುಸ್ತಕ ಹೊರಬಂತು. 1994ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಸಸ್ಯಾಹಾರದ ಹೋಟೆಲು ತೆರೆದರು. ಗೋಧಿಯ ಅಂಟಿನಿಂದ ಮಾಂಸದಂಥ ಪದಾರ್ಥವನ್ನು ತಯಾರಿಸಿ ಮಾರಿದರು. ಸಸ್ಯಮೂಲದ ಚೀಸ್ ಮಾಡುವ ವಿಧಾನವನ್ನು ವಿವರಿಸುವ ಪುಸ್ತಕವನ್ನು 2012ರಲ್ಲಿ ಪ್ರಕಟಿಸಿದರು. ಆ ಪುಸ್ತಕ ಜನಪ್ರಿಯವಾದ ಮೇಲೆ 2014ರಲ್ಲಿ ತಮ್ಮ ಹೆಸರಿನಲ್ಲೇ ಕಂಪನಿ ಕಟ್ಟಿದರು. ಅಂದರೆ, ದೊಡ್ಡ ಕಾರ್ಖಾನೆಗೆ ಕೈಹಾಕುವ ಮೊದಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಡುಗೆಮನೆಯಲ್ಲಿ ಪ್ರಯೋಗ ನಡೆದಿತ್ತು. ಸಾಲ ತೆಗೆದು ಮೊದಲು ಯಂತ್ರ ಕೊಂಡು, ಆಮೇಲೆ ಕೆಲಸ ಕಲಿಯಲು ಹೊರಡುವವರು ಇದನ್ನು ಗಮನಿಸಬೇಕು.

ಗುಟ್ಟು ಇರುವುದು ಹೆಪ್ಪಿನಲ್ಲಿ

ಅವರ ವಿಧಾನ ನಮಗೆ ಹೊಸದೇನಲ್ಲ. ಗೋಡಂಬಿಯನ್ನು ನೀರಿನಲ್ಲಿ ನೆನೆಹಾಕಿ ನುಣ್ಣಗೆ ರುಬ್ಬಬೇಕು. ಮೊಳಕೆ ಬರಿಸಿದ ಧಾನ್ಯವನ್ನು ನೀರಿನಲ್ಲಿಟ್ಟು ಹುಳಿ ಬರಿಸಿದ ತಿಳಿಯನ್ನು ಅದಕ್ಕೆ ಹೆಪ್ಪಿನಂತೆ ಬೆರೆಸಬೇಕು. ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಬಿಟ್ಟರೆ ಹುಳಿಯೇರಿ ಚೀಸಿನ ರುಚಿ ಬರುತ್ತದೆ. ಕಂಪನಿಯ ಹೆಸರುವಾಸಿ ಬೆಣ್ಣೆಯೂ ತೆಂಗಿನೆಣ್ಣೆ ಮತ್ತು ಗೋಡಂಬಿಗೆ ಇದೇ ರೀತಿ ಹುಳಿ ಬರಿಸಿ ಮಾಡಿದ್ದು.

ನಮ್ಮ ಮನೆಯ ಹೆಣ್ಣುಮಕ್ಕಳು ದೋಸೆಹಿಟ್ಟು ಹುದುಗಿಸುವಾಗ, ಅಂಬಲಿಗೆ ಹುಳಿ ಬರಿಸುವಾಗ ಮಾಡುವುದೂ ಇದನ್ನೇ ಅಲ್ಲವೇ? ಗೇರು ನಮ್ಮಲ್ಲಿದೆ, ತೆಂಗು ನಮ್ಮಲ್ಲಿದೆ, ಹುದುಗಿಸುವ ಜ್ಞಾನವೂ ನಮ್ಮಲ್ಲಿದೆ. ಇಲ್ಲದಿರುವುದು ಅದನ್ನು ಅಳತೆ ಹಿಡಿದು ಬರೆದಿಟ್ಟು, ಪ್ರತಿ ಬಾರಿಯೂ ಒಂದೇ ರುಚಿ ಬರುವಂತೆ ಮಾಡುವ ಶಿಸ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೇ ನಿಜ ಮಾಡುತ್ತಿದ್ದೇವೆ.

ಒಡೆದ ಬೇಳೆಗೂ ಬೆಲೆ ಇದೆ

ನೂರು ಕಿಲೋ ಗೇರುಬೀಜ ಒಡೆದರೆ ಸುಮಾರು 25ರಿಂದ 30 ಕಿಲೋ ತಿರುಳು ದೊರೆಯುತ್ತದೆ. ಮಾರುಕಟ್ಟೆಯಲ್ಲಿ ಇಡೀ ತಿರುಳಿಗೆ ಹೆಚ್ಚಿನ ಬೆಲೆ. 320ರ ದರ್ಜೆ ಎಂದರೆ ಒಂದು ಪೌಂಡಿಗೆ ಸುಮಾರು 320 ಇಡೀ ತಿರುಳು ತೂಗುತ್ತವೆ ಎಂದರ್ಥ. ಸೀಳಿದ್ದಕ್ಕೆ, ತುಂಡಾದದ್ದಕ್ಕೆ ಬೆಲೆ ಇಳಿಯುತ್ತದೆ. ಆದರೆ ರುಬ್ಬುವ ಪದಾರ್ಥಕ್ಕೆ ಇಡೀ ತಿರುಳೇ ಆಗಬೇಕೆಂದಿಲ್ಲ. ತುಂಡಿನಿಂದ ತಯಾರಿಸಿದ ಹಿಟ್ಟಿನಲ್ಲೂ ಅದೇ ರುಚಿ, ಅದೇ ಸತ್ವ. ಕಡಿಮೆ ಬೆಲೆಯ ಮಾಲಿಗೆ ಹೆಚ್ಚಿನ ಬೆಲೆ ತರುವ ದಾರಿ ಇಲ್ಲಿದೆ. ಆದರೆ ಬೀಜವನ್ನು ಮನೆಯಲ್ಲಿ ಒಡೆಯಲು ಹೋಗಬೇಡಿ. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಹಬೆಯಲ್ಲಿ ಬೇಯಿಸಿ ಒಡೆಯುವ ಘಟಕದಿಂದ ತುಂಡುಗಳನ್ನು ಕೊಳ್ಳುವುದೇ ಲೇಸು.

ಹೆಸರಿಗಾಗಿ ನಡೆದ ವ್ಯಾಜ್ಯ

ಹಾಲಿಲ್ಲದ ಪದಾರ್ಥವನ್ನು ಬೆಣ್ಣೆ ಎಂದು ಕರೆಯಬಹುದೇ? ಕ್ಯಾಲಿಫೋರ್ನಿಯಾದ ಕೃಷಿ ಇಲಾಖೆ ಕೂಡದು ಎಂದಿತು. 2020ರಲ್ಲಿ ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. ಸಸ್ಯಮೂಲದ್ದು ಎಂದು ಸ್ಪಷ್ಟವಾಗಿ ಬರೆದಿರುವುದರಿಂದ ಬೆಣ್ಣೆ ಎಂಬ ಹೆಸರನ್ನು ಬಳಸಲು ನ್ಯಾಯಾಲಯ ಅವಕಾಶ ನೀಡಿತು. ಆದರೆ ಹಾರ್ಮೋನುರಹಿತ ಎಂದು ಹೇಳಿಕೊಳ್ಳಲು ಒಪ್ಪಲಿಲ್ಲ. ಸಸ್ಯಪದಾರ್ಥದಲ್ಲೂ ಸಹಜವಾದ ಹಾರ್ಮೋನುಗಳು ಇರುತ್ತವೆ.

ನಮ್ಮ ದೇಶದ ನಿಯಮವೇ ಬೇರೆ. ಹಾಲಿನಿಂದ ಮಾಡದ ಪಾನೀಯವನ್ನು ಹಾಲು ಎಂದು ಕರೆದು ಮಾರುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಎಚ್ಚರಿಸಿತು. ತೆಂಗಿನ ಹಾಲಿನಂಥ ರೂಢಿಯ ಹೆಸರುಗಳ ಮಾತು ಬೇರೆ. ಈ ನಿಯಮ ಸರಿಯೆಂದೇ ನನ್ನ ಭಾವನೆ. ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣಾಂಶವಿದ್ದರೆ, ನೂರು ಗ್ರಾಂ ಗೋಡಂಬಿಯಲ್ಲಿ 40 ಮಿಲಿಗ್ರಾಂ ಇರುವುದೂ ಕಷ್ಟ. ನೀರು ಬೆರೆಸಿದರೆ ಇನ್ನೂ ಕಡಿಮೆ. ಎಳೆಯ ಮಕ್ಕಳಿಗೆ ಹಾಲಿನ ಬದಲು ಇದನ್ನು ಕೊಡುವುದು ತಪ್ಪಾಗುತ್ತದೆ. ಗೋಡಂಬಿಯ ಪದಾರ್ಥ ಗೋಡಂಬಿಯ ಹೆಸರಿನಲ್ಲೇ ಮಾರಾಟವಾಗಲಿ.

ಇದರಿಂದ ಹೈನುಗಾರರು ಗಾಬರಿಯಾಗಬೇಕಾಗಿಲ್ಲ. ನಮ್ಮಲ್ಲಿ ಹಾಲು ಬಡವರ ಮನೆಯ ದಿನದ ಸಂಪಾದನೆ. ಗೋಡಂಬಿ ಬೆಣ್ಣೆ ಕೊಳ್ಳುವವರು ಪಟ್ಟಣದ ಕೆಲವರು ಮತ್ತು ಹಾಲು ಒಗ್ಗದವರು. ಹಸು ಕಟ್ಟಿದವರೂ ಗೇರು ನೆಟ್ಟವರೂ ಒಂದೇ ಊರಿನಲ್ಲಿ ಬದುಕಬಹುದು.

ಜುಟ್ಟು ಯಾರ ಕೈಯಲ್ಲಿ?

ಈ ಕಥೆಯ ಮುಖ್ಯ ಪಾಠ ಮುಂದಿದೆ. ಕಂಪನಿ ಬೆಳೆಯಲು ಹಣ ಬೇಕಾಯಿತು. ಹೊರಗಿನ ಬಂಡವಾಳಗಾರರು ಹಣ ಹೂಡಿದರು. ಹಣದೊಂದಿಗೆ ತೀರ್ಮಾನ ಮಾಡುವ ಹಕ್ಕೂ ಅವರ ಕಡೆಗೆ ಹರಿಯಿತು. ಶಿನ್ನರ್ ಇನ್ನು ಮುಖ್ಯಸ್ಥರಲ್ಲವೆಂದು 2023ರ ಫೆಬ್ರವರಿಯಲ್ಲಿ ಕಂಪನಿ ಪ್ರಕಟಿಸಿತು. ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ದಾವೆ ಹೂಡಿ, ಅದೇ ವರ್ಷ ರಾಜಿಯಾದರು. ಡಬ್ಬಿಯ ಮೇಲೆ ಅವರದೇ ಹೆಸರು, ಒಳಗೆ ಅವರದೇ ಕೈರುಚಿ. ಆದರೆ ಕಂಪನಿಯ ಆಡಳಿತದಲ್ಲಿ ಅವರಿಲ್ಲ.

ಯಾರು ಸರಿ, ಯಾರು ತಪ್ಪು ಎಂದು ಇಲ್ಲಿ ಕುಳಿತು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಜುಟ್ಟು ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ತಲೆ ತಿರುಗಿಸುವುದು ಕಷ್ಟ ಎಂಬುದಂತೂ ನಿಜ. ನಲವತ್ತು ವರ್ಷ ರುಚಿಯ ಬೆನ್ನು ಹತ್ತಿದವರಿಗೇ ಹೀಗಾದರೆ, ಬರಿಯ ಬೀಜ ಮಾರುವ ನಮ್ಮ ಪಾಡೇನು?

ಇದಕ್ಕೆ ಉತ್ತರ ನಮ್ಮ ಹೈನುಗಾರರ ಬಳಿಯೇ ಇದೆ. ಹಾಲಿನ ಸಂಘದಲ್ಲಿ ಹತ್ತು ಹಸು ಇದ್ದವರಿಗೂ ಒಂದು ಮತ, ಒಂದು ಹಸು ಇದ್ದವರಿಗೂ ಒಂದೇ ಮತ. ಹಾಲು ಕಾಯಿಸಿ, ಬೆಣ್ಣೆ ತೆಗೆದು, ಹೆಸರು ಹಾಕಿ ಮಾರುವ ಒಕ್ಕೂಟ ಹಾಲು ಹಾಕುವವರದೇ. ಗೇರು ಬೆಳೆಗಾರರೂ ಇದೇ ಕ್ರಮವನ್ನು ಅನುಸರಿಸಬೇಕು ಎಂಬುದು ನನ್ನ ಸಲಹೆ.

ತಾವು ಮಾಡಬಹುದಾದದ್ದು ಇಷ್ಟು. ಮೊದಲು ಹತ್ತು ಹದಿನೈದು ಮಂದಿ ಸೇರಿ ಬೀಜವನ್ನು ಒಟ್ಟಿಗೆ ಒಣಗಿಸಿ ಒಟ್ಟಿಗೆ ಮಾರಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯಕ್ಕೆ ಹೋಗಿ ಸಂಸ್ಕರಣೆಯ ವಿಚಾರ ಕೇಳಿ ತಿಳಿಯಿರಿ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ದೂರವಿಲ್ಲ. ನೆಲಗಡಲೆಯ ಸಸಾರಜನಕವನ್ನು ಹಾಲಿಗೆ ಬೆರೆಸುವ ಕೆಲಸವನ್ನು ಅದು ದಶಕಗಳ ಹಿಂದೆಯೇ ಮಾಡಿ ತೋರಿಸಿದೆ. ಒಂದು ಕಿಲೋ ತುಂಡು ಗೋಡಂಬಿಯಿಂದ ಮನೆಯಲ್ಲೇ ಪ್ರಯೋಗ ಆರಂಭಿಸಿ, ಕೈತಪ್ಪಿದ್ದನ್ನೂ ಕೈಹಿಡಿದದ್ದನ್ನೂ ಪುಸ್ತಕದಲ್ಲಿ ಬರೆದಿಡಿ. ಹೊರಗಿನ ಹಣ ತರುವ ದಿನ ಬಂದರೆ, ಸಹಿ ಹಾಕುವ ಮುನ್ನ ಕರಾರು ಪತ್ರವನ್ನು ತಿಳಿದವರಿಂದ ಓದಿಸಿ ಕೇಳಿ.

ಮುಂದಿನ ಸುಗ್ಗಿಯಲ್ಲಿ ಗೋಣಿ ಹೊಲಿಯುವ ಮೊದಲು ಒಂದು ಸೇರು ಬೀಜವನ್ನಾದರೂ ಬೇರೆ ತೆಗೆದಿಟ್ಟು, ಇದರಿಂದ ಇನ್ನೇನು ಮಾಡಬಹುದೆಂದು ಮನೆಯವರೊಂದಿಗೆ ಮಾತನಾಡಿ.