ಪದವಿಯ ಬೆನ್ನಿಗೇ ಮೊಹರು

ನಮ್ಮ ದೇಶದಲ್ಲಿ ಆರ್ಕಿಟೆಕ್ಟ್ ಎನಿಸಿಕೊಳ್ಳಲು ಕಾನೂನು ಕೇಳುವುದು ಬಹಳ ಕಡಿಮೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಮಾನ್ಯತೆ ಪಡೆದ ಪದವಿ ಇರಬೇಕು, ಭಾರತದಲ್ಲಿ ವಾಸವಾಗಿರಬೇಕು ಇಲ್ಲವೇ ಇಲ್ಲಿ ವೃತ್ತಿ ನಡೆಸುತ್ತಿರಬೇಕು. ಇಷ್ಟಿದ್ದು ಅರ್ಜಿ ಹಾಕಿದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯ ಮೊಹರು ಮಾಡಿಸಿಕೊಂಡು ನಕ್ಷೆಗಳ ಮೇಲೆ ಒತ್ತಬಹುದು. ಐದು ವರ್ಷದ ಬಿ.ಆರ್ಕ್ ಮುಗಿಸಿದ ಹುಡುಗಿಯೊಬ್ಬಳು ಮಳೆಗಾಲದ ಆರಂಭಕ್ಕೆ ಅಂಕಪಟ್ಟಿ ಪಡೆದು, ದೀಪಾವಳಿಯ ಹೊತ್ತಿಗೆ ನಾಲ್ಕು ಮಹಡಿಯ ಕಟ್ಟಡದ ಹೊಣೆ ಹೊತ್ತಿರಬಹುದು. ಈ ನಡುವೆ ಅವಳಿಗೆ ಕಟ್ಟಲು ಬರುತ್ತದೆಯೇ ಎಂದು ಯಾರೂ ವಿಚಾರಿಸುವುದಿಲ್ಲ.

ಬೇರೆ ವೃತ್ತಿಗಳಲ್ಲಿ ಹೀಗಿಲ್ಲ. ಎಂಬಿಬಿಎಸ್ ಓದಿದವರು ಒಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಹಗಲು ರಾತ್ರಿ ದುಡಿಯದೆ ವೈದ್ಯರಾಗುವುದಿಲ್ಲ. ಲೆಕ್ಕಪರಿಶೋಧಕರಾಗುವವರಿಗೆ ಹಿರಿಯರ ಕಚೇರಿಯಲ್ಲಿ ಎರಡು ವರ್ಷದ ಆರ್ಟಿಕಲ್‌ಶಿಪ್ ಇದೆ. ಈಚಿನವರೆಗೆ ಅದು ಮೂರು ವರ್ಷವಿತ್ತು. ಕಾನೂನು ಪದವೀಧರರಿಗೂ 2011ರಿಂದ ಅಖಿಲ ಭಾರತ ವಕೀಲರ ಪರೀಕ್ಷೆ ಬಂದಿದೆ. ನಮ್ಮ ಪಠ್ಯಕ್ರಮದ ಮಾದರಿಗಳನ್ನು ನಾವು ತಂದುಕೊಂಡದ್ದು ಬ್ರಿಟನ್ನಿನಿಂದ. ಅಲ್ಲಿ ದಶಕಗಳ ಕಾಲ ಎರಡು ವರ್ಷದ ಕಚೇರಿ ಅನುಭವ, ಅದರ ಮೇಲೊಂದು ವೃತ್ತಿ ಪರೀಕ್ಷೆ ಕಡ್ಡಾಯವಾಗಿತ್ತು. ಅಮೆರಿಕದಲ್ಲಿ 3,740 ಗಂಟೆಗಳ ಅನುಭವವನ್ನು ದಾಖಲಿಸಿ ಆರು ಭಾಗಗಳ ಪರೀಕ್ಷೆಯಲ್ಲಿ ಪಾಸಾಗಬೇಕು. ನಮ್ಮಲ್ಲಿರುವುದು ಕೋರ್ಸಿನ ಒಳಗೇ ಬರುವ ತರಬೇತಿಯ ಒಂದು ಸೆಮಿಸ್ಟರ್.

ಹಾಗಾದರೆ ಆ ಐದು ವರ್ಷ ಏನು ಕಲಿಸುತ್ತದೆ? ಇದಕ್ಕೆ ಉತ್ತರ ಹೇಳುವಾಗ ನಾನು ಶಾಲೆಗಳ ಪರವಾಗಿಯೇ ಶುರು ಮಾಡುತ್ತೇನೆ. ವಿದ್ಯಾರ್ಥಿಗಳ ವಿನ್ಯಾಸ ನೋಡಿ ಪ್ರಶ್ನಿಸುವ ಜ್ಯೂರಿಗಳಲ್ಲಿ, ಹಲವು ಕಾಲೇಜುಗಳಲ್ಲಿ ಕುಳಿತಿದ್ದೇನೆ. ಮೊದಲ ವರ್ಷ ಬಂದಾಗ ಮನೆ ಎಂದರೆ ಬಾಗಿಲು, ಕಿಟಕಿ, ತಾರಸಿ ಎಂದಷ್ಟೇ ತಿಳಿದಿದ್ದ ಮಕ್ಕಳು ಐದನೇ ವರ್ಷದ ತೀಸಿಸ್ ಹೊತ್ತಿಗೆ ಬೆಳಕು ಎಲ್ಲಿಂದ ಬರುತ್ತದೆ, ಜಗಲಿಯ ಮೇಲೆ ಜನ ಏಕೆ ಕೂರುತ್ತಾರೆ, ಸಂತೆಯ ಬೀದಿ ಮಧ್ಯಾಹ್ನ ಹೇಗೆ ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಬರೆಯಬಲ್ಲವರಾಗಿರುತ್ತಾರೆ. ಒಂದೇ ಸಮಸ್ಯೆಗೆ ನಾಲ್ಕು ದಾರಿ ಹುಡುಕಿ, ಮೂರನ್ನು ತಾವೇ ಕೈಬಿಡುವ ಧೈರ್ಯ ಅವರಿಗೆ ಬಂದಿರುತ್ತದೆ. ಈ ಶಿಕ್ಷಣ ಬೇರೆ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಕಚೇರಿಗೆ ಸೇರಿದ ಮೇಲೆ ಇದನ್ನು ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಹೀಗೆ ನಕ್ಷೆ ಬರೆದು ತಿದ್ದಿಸಿಕೊಂಡು ಕಲಿಯುವ ಸ್ಟುಡಿಯೋ ಪದ್ಧತಿ, ಈ ಜ್ಯೂರಿ ಹುಟ್ಟಿದ್ದು ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಶಾಲೆಯಲ್ಲಿ. ಅದರಲ್ಲಿ ನಾವು ಮರೆತ ಒಂದು ಅಂಶವಿದೆ. ಅಲ್ಲಿನ ವಿದ್ಯಾರ್ಥಿ ಉಪನ್ಯಾಸಕ್ಕೆ ಶಾಲೆಗೆ ಹೋಗುತ್ತಿದ್ದ. ವಿನ್ಯಾಸ ಕಲಿಯುತ್ತಿದ್ದುದು ಅಟೆಲಿಯೇ ಎಂಬ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ ನಡೆಸುತ್ತಿದ್ದವರು ಸ್ವತಃ ಕಟ್ಟಡ ಕಟ್ಟುತ್ತಿದ್ದ ವಾಸ್ತುಶಿಲ್ಪಿಗಳು. ಬೆಳಿಗ್ಗೆ ತನ್ನ ಸೈಟಿನಲ್ಲಿ ಕಲ್ಲುಕುಟಿಗರ ಜತೆ ಮಾತಾಡಿದ ಗುರು ಸಂಜೆ ಶಿಷ್ಯನ ನಕ್ಷೆ ತಿದ್ದಲು ಬರಬಹುದಿತ್ತು. ನಾವು ಜ್ಯೂರಿಯನ್ನು ಉಳಿಸಿಕೊಂಡೆವು, ಕಟ್ಟುವ ಗುರುವನ್ನು ಬಿಟ್ಟುಕೊಟ್ಟೆವು. ಬಿ.ಆರ್ಕ್ ಮುಗಿಸಿ, ಎಂ.ಆರ್ಕ್ ಮುಗಿಸಿ, ನೇರವಾಗಿ ಬೋಧನೆಗೆ ಬಂದ ಅಧ್ಯಾಪಕರು ಇಂದು ಸ್ಟುಡಿಯೋಗಳಲ್ಲಿ ಬಹಳ ಮಂದಿ ಇದ್ದಾರೆ. ಓದಿದವರು, ಶ್ರದ್ಧೆಯುಳ್ಳವರು. ಆದರೆ ತಾವು ಬರೆದ ಗೆರೆಯೊಂದು ಗೋಡೆಯಾಗಿ ಎದ್ದು, ಮೊದಲ ಮಳೆಗೆ ಸೋರಿದ್ದನ್ನು ಅವರು ಕಂಡಿಲ್ಲ. ಅದು ಅವರ ದೋಷವಲ್ಲ, ನೇಮಕಾತಿಯಲ್ಲಿ ನಾವು ಯಾವುದಕ್ಕೆ ಬೆಲೆ ಕೊಡುತ್ತೇವೆ ಎಂಬುದರ ಫಲ.

ಬಚ್ಚಲುಮನೆಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಯ ನಕ್ಷೆಯಲ್ಲಿ ಅದು ಐದಡಿ ಎಂಟಡಿಯ ಒಂದು ಚೌಕ. ಒಳಗೆ ಕಮೋಡು, ಬೇಸಿನ್ನು, ಷವರ್. ಸೈಟಿನಲ್ಲಿ ಆ ಚೌಕದ ಕೆಳಗಿನ ಸ್ಲ್ಯಾಬನ್ನು ಉಳಿದ ಸ್ಲ್ಯಾಬಿಗಿಂತ ಸುಮಾರು ಒಂದಡಿ ತಗ್ಗಿಸಬೇಕು. ಪೈಪುಗಳು ಆ ತಗ್ಗಿನಲ್ಲಿ ಹಾಯುತ್ತವೆ. ತಗ್ಗಿಸಿದ ಕೂಡಲೇ ಸುತ್ತಲಿನ ಬೀಮುಗಳ ಆಳ ಬದಲಾಗುತ್ತದೆ, ಕೆಳಗಿನ ಕೋಣೆಯ ಸೂರು ತಗ್ಗುತ್ತದೆ. ಪೈಪು ಹೊರಗೆ ಹೋಗುವ ಜಾಗದಲ್ಲಿ ಬೀಮು ಅಡ್ಡ ಬಂದರೆ ಪ್ಲಂಬರ್ ಹೇಳದೆ ಕೇಳದೆ ಅದನ್ನು ಕೊರೆಯುತ್ತಾನೆ. ತಗ್ಗಿನ ಗುಂಡಿಗೆ ಇಟ್ಟಿಗೆ ಚೂರು ತುಂಬುವ ಮುನ್ನ ವಾಟರ್‌ಪ್ರೂಫಿಂಗ್ ಆಗಬೇಕು, ಅದರ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸಬೇಕು, ಆಮೇಲೆ ಟೈಲ್ಸ್. ಇದರಲ್ಲಿ ಒಂದು ಹಂತ ತಪ್ಪಿದರೂ ಎರಡು ವರ್ಷದ ನಂತರ ಕೆಳಮನೆಯ ಅಡುಗೆಕೋಣೆಯ ಸೂರಿನಲ್ಲಿ ಕಂದು ಕಲೆ ಮೂಡುತ್ತದೆ. ವಿನ್ಯಾಸ, ಸ್ಟ್ರಕ್ಚರ್, ನೀರು, ಖರ್ಚು, ಕೆಲಸದ ಸರದಿ ಎಲ್ಲವೂ ನಲವತ್ತು ಚದರಡಿಯಲ್ಲಿ ಬಂದು ಸೇರುತ್ತವೆ. ಶಾಲೆ ಇವನ್ನು ಐದು ಬೇರೆ ಬೇರೆ ಪೇಪರುಗಳಲ್ಲಿ ಐದು ಜನರಿಂದ ಕಲಿಸುತ್ತದೆ. ಐದರಲ್ಲೂ ಪಾಸಾದ ವಿದ್ಯಾರ್ಥಿಗೆ ಒಂದು ಬಚ್ಚಲುಮನೆಯ ಪೂರ್ಣ ನಕ್ಷೆ ಬರೆಯಲು ಕಷ್ಟವಾಗುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರ. ನಾಲ್ಕೂವರೆ ಮೀಟರಿಗಿಂತ ಉದ್ದದ ಸ್ಲ್ಯಾಬಿನ ಕೆಳಗಿನ ಆಸರೆಗಳನ್ನು ಕಾಂಕ್ರೀಟು ಹಾಕಿ 14 ದಿನ ಆಗುವವರೆಗೆ ತೆಗೆಯಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಪರೀಕ್ಷೆಯಲ್ಲಿ ಎಲ್ಲರೂ ಬರೆಯುವ ಉತ್ತರ ಇದು. ಈಗ ಹೊಸ ಪದವೀಧರೆ ಸೈಟಿನಲ್ಲಿ ನಿಂತಿದ್ದಾಳೆ ಅನ್ನಿ. ಒಂಬತ್ತನೆಯ ದಿನ. ಮೇಸ್ತ್ರಿ ಬಂದು, "ಮೇಡಂ, ನಾಳೆ ಸೆಂಟ್ರಿಂಗ್ ಬಿಚ್ಚಿಬಿಡ್ತೀವಿ, ಶೀಟು ಇನ್ನೊಂದು ಸೈಟಿಗೆ ಹೋಗ್ಬೇಕು, ಓನರ್ ಒಪ್ಪಿದ್ದಾರೆ" ಅನ್ನುತ್ತಾನೆ. ಅವನಿಗೆ ಇಪ್ಪತ್ತೈದು ವರ್ಷದ ಅನುಭವ. ಬಾಡಿಗೆ ಶೀಟಿನ ದಿನದ ಲೆಕ್ಕ ಓನರ್ ತಲೆಯಲ್ಲಿದೆ. ಇವಳಿಗೆ 14 ಎಂಬ ಅಂಕಿ ಗೊತ್ತು. ಬೇಡ ಎಂದು ಹೇಳುವುದು, ಹೇಳಿದ್ದನ್ನು ಅಂದೇ ಸೈಟ್ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು, ಸ್ಟ್ರಕ್ಚರಲ್ ಎಂಜಿನಿಯರಿಗೆ ಫೋನು ಮಾಡುವುದು, ಮೇಸ್ತ್ರಿಯ ಮರ್ಯಾದೆ ಕೆಡಿಸದೆ ಅವನನ್ನು ಒಪ್ಪಿಸುವುದು ಗೊತ್ತಿಲ್ಲ. ಅವಳಿಗೆ ಯಾರೂ ಮಾಡಿ ತೋರಿಸಿಲ್ಲ.

ಮನೆ ಕಟ್ಟಿಸುವವರ ಮುಂದೆ ಕುಳಿತಾಗ ಎದುರಾಗುವುದು ಮತ್ತೊಂದು ಲೋಕ. 30-40 ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಟ್ಟರೆ ಕಾರು ನಿಲ್ಲುವುದಿಲ್ಲ ಎನ್ನುವ ಯಜಮಾನರು, ಈಶಾನ್ಯದಲ್ಲಿ ಸಂಪು ಬರಲೇಬೇಕು ಎನ್ನುವ ಅತ್ತೆ, ಅಡುಗೆಮನೆ ಆಗ್ನೇಯದಲ್ಲಿಲ್ಲ ಎಂದು ಗುರುತು ಹಾಕಿದ ವಾಸ್ತು ಪಂಡಿತರು. ವಾಸ್ತುವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕರ್ನಾಟಕದಲ್ಲಿ ಬಹುಪಾಲು ಮನೆಗಳ ನಕ್ಷೆಯನ್ನು ಮೊದಲ ದಿನವೇ ಹಿಡಿದಿಡುವ ಈ ಸಂಗತಿಯ ಬಗ್ಗೆ ಸ್ಟುಡಿಯೋದಲ್ಲಿ ಚರ್ಚೆಯೇ ಆಗದಿರುವುದು ನನಗೆ ಸರಿಕಾಣುವುದಿಲ್ಲ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಓದುವುದು, ಕಂಟ್ರಾಕ್ಟರ್ ಕೊಟ್ಟ ಬಿಲ್ಲನ್ನು ಅಳತೆ ಪುಸ್ತಕದ ಜತೆ ತಾಳೆ ನೋಡುವುದು, ತನ್ನ ಫೀಸನ್ನು ಸಂಕೋಚವಿಲ್ಲದೆ ಕೇಳಿ ಪಡೆಯುವುದು ಇವೂ ಹಾಗೆಯೇ. ‘ಪ್ರೊಫೆಷನಲ್ ಪ್ರಾಕ್ಟೀಸ್’ ಎಂಬ ಪೇಪರು ಕೊನೆಯ ವರ್ಷಗಳಲ್ಲಿ ಬರುತ್ತದೆ, ತೀಸಿಸಿನ ಗಡಿಬಿಡಿಯಲ್ಲಿ ಹೋಗುತ್ತದೆ.

ಇದನ್ನೆಲ್ಲ ಕೇಳಿದ ಕಚೇರಿಗಳ ಯಜಮಾನರು ತಲೆದೂಗಬಹುದು. ಕಾಲೇಜಿನವರು ಏನೂ ಕಲಿಸಿ ಕಳಿಸುವುದಿಲ್ಲ ಎನ್ನುವುದು ಅವರ ಹಳೆಯ ದೂರು. ಅವರ ಜತೆ ನಾನು ಪೂರ್ತಿ ಹೋಗಲಾರೆ. ಕಲಿಸಿಲ್ಲ ಎಂದು ಅವರು ದೂರುವುದು ಬಹುಮಟ್ಟಿಗೆ ಸಾಫ್ಟ್‌ವೇರ್ ಬಗ್ಗೆ. ಸೇರಿದ ದಿನವೇ ರೆವಿಟ್ ತೆರೆದು ಕೂರುವ ಕೈ ಅವರಿಗೆ ಬೇಕು. ಡ್ರಾಯಿಂಗ್ ಬೋರ್ಡ್ ಹೋಗಿ ಆಟೋಕ್ಯಾಡ್ ಬಂತು, ಅದರ ಮೇಲೆ ಇನ್ನೊಂದು ಬಂತು, ನಾಳೆ ಮತ್ತೊಂದು ಬರುತ್ತದೆ. ಅದರ ಹಿಂದೆ ಓಡುವ ಶಾಲೆ ಐದು ವರ್ಷವನ್ನು ಹಾಳುಮಾಡಿಕೊಳ್ಳುತ್ತದೆ. ಶಾಲೆಯಿಂದ ನಾವು ಕೇಳಬೇಕಾದದ್ದು ತಾನು ಬರೆದದ್ದು ಹೇಗೆ ನಿಲ್ಲುತ್ತದೆ, ಯಾರು ಕಟ್ಟುತ್ತಾರೆ, ಕೆಟ್ಟರೆ ಯಾರಿಗೆ ನೋವು ಎಂಬ ಅರಿವನ್ನು. ಉಳಿದದ್ದನ್ನು ಕಲಿಸುವ ಕೆಲಸ ಕಚೇರಿಯದೇ. ಆ ಕೆಲಸವನ್ನು ಅನೇಕ ಕಚೇರಿಗಳು ನಿಲ್ಲಿಸಿಬಿಟ್ಟಿವೆ.

ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಬದುಕಿನಲ್ಲಿ ಇದಕ್ಕೊಂದು ಪಾಠವಿದೆ. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಓದುತ್ತಿದ್ದ ಅವರು ಲಂಡನ್ನಿಗೆ ಹೋದರು, ಅಲ್ಲಿಂದ 1951ರಲ್ಲಿ ಪ್ಯಾರಿಸ್ಸಿನ ಲ ಕಾರ್ಬೂಸಿಯೇ ಕಚೇರಿ ಸೇರಿದರು. ಚಂಡೀಗಢ, ಅಹಮದಾಬಾದಿನ ಕಟ್ಟಡಗಳ ನಕ್ಷೆ ಬರೆದು, ಬಳಿಕ ಭಾರತಕ್ಕೆ ಮರಳಿ ಅವುಗಳ ಕಟ್ಟಣೆಯನ್ನು ನೋಡಿಕೊಂಡರು. ಗುರುವಿನ ಗೆರೆ ಕಾಂಕ್ರೀಟಾಗುವಾಗ ಎಲ್ಲಿ ಬಾಗುತ್ತದೆ ಎಂಬುದನ್ನು ಸೈಟಿನಲ್ಲಿ ನಿಂತು ಕಲಿತರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಒರಟು ಗ್ರಾನೈಟ್ ಗೋಡೆಗಳ ನಡುವಿನ ಉದ್ದನೆಯ ಮೊಗಸಾಲೆಗಳಲ್ಲಿ ನಡೆದವರಿಗೆ ಆ ಕಲಿಕೆ ಎಷ್ಟು ಆಳಕ್ಕೆ ಇಳಿದಿತ್ತು ಎಂದು ಕಾಣುತ್ತದೆ. 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆ ಕಟ್ಟಿದವರೂ ಅವರೇ, ಅದೂ ತಮ್ಮ ಕಚೇರಿಯನ್ನು ನಡೆಸುತ್ತಲೇ. ಪ್ಯಾರಿಸ್ಸಿನ ಮೊದಲ ತಿಂಗಳುಗಳಲ್ಲಿ ಅವರಿಗೆ ಸಂಬಳವಿರಲಿಲ್ಲ. ಈ ಸಂಗತಿಯನ್ನು ಇಂದಿನ ಕೆಲವು ಕಚೇರಿಗಳು ಇಂಟರ್ನ್‌ಗಳಿಗೆ ಕಾಸು ಕೊಡದಿರಲು ನೆಪ ಮಾಡಿಕೊಳ್ಳುತ್ತವೆ. ದೋಶಿಯವರಿಗೆ ಸಂಬಳದ ಬದಲು ವಿದ್ಯೆ ಸಿಕ್ಕಿತು. ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟುವ ವಿದ್ಯಾರ್ಥಿಗೆ ನಾಲ್ಕು ತಿಂಗಳು ಟಾಯ್ಲೆಟ್ ಟೈಲ್ಸ್ ಲೇಔಟನ್ನೇ ಕೊಟ್ಟು, ಒಂದು ಸಲವೂ ಸೈಟಿಗೆ ಕರೆದುಕೊಂಡು ಹೋಗದಿದ್ದರೆ ಸಂಬಳವೂ ಇಲ್ಲ, ವಿದ್ಯೆಯೂ ಇಲ್ಲ.

ಹಳೆಯ ಶಿಲ್ಪಗ್ರಂಥಗಳು ಕಟ್ಟುವವರಲ್ಲಿ ನಾಲ್ವರನ್ನು ಹೆಸರಿಸುತ್ತವೆ: ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ. ನೂಲು ಹಿಡಿದು ಅಳೆಯುವ ಸೂತ್ರಗ್ರಾಹಿ ಸ್ಥಪತಿಯ ಮಗನೋ ಶಿಷ್ಯನೋ ಆಗಿರುತ್ತಾನೆ ಎಂದು ಮಯಮತ ಹೇಳುತ್ತದೆ. ನೆಲದ ಮೇಲೆ ಅಳತೆ ಹಿಡಿದು ಗುರುವಿನ ಪಕ್ಕದಲ್ಲಿ ಕಳೆಯುವ ವರ್ಷಗಳು ಆ ಕಲಿಕೆಯ ಒಂದು ಮೆಟ್ಟಿಲಾಗಿದ್ದವು. ಜಾತಿ ಕುಲಗಳ ಬೇಲಿಯೊಳಗಿದ್ದ ಆ ವ್ಯವಸ್ಥೆಗೆ ಹಿಂತಿರುಗಬೇಕೆಂದು ನಾನು ಹೇಳುತ್ತಿಲ್ಲ. ಆ ಮೆಟ್ಟಿಲು ನಮ್ಮ ಕಾಲಕ್ಕೂ ಬೇಕು.

ಶಾಲೆಯೊಳಗೂ ಮಾಡಬಹುದಾದದ್ದಿದೆ. ಅಮೆರಿಕದ ಆಲಬಾಮಾದಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬಿ ಮತ್ತು ಡಿ.ಕೆ. ರುತ್ 1993ರಲ್ಲಿ ರೂರಲ್ ಸ್ಟುಡಿಯೋ ಆರಂಭಿಸಿದರು. ವಿದ್ಯಾರ್ಥಿಗಳು ಬಡ ಜಿಲ್ಲೆಯೊಂದರಲ್ಲಿ ವಾಸವಿದ್ದು, ಅಲ್ಲಿನ ಕುಟುಂಬಗಳಿಗೆ ನಿಜವಾದ ಮನೆ ವಿನ್ಯಾಸಗೊಳಿಸಿ ತಮ್ಮ ಕೈಯಾರೆ ಕಟ್ಟುತ್ತಾರೆ. ಮಾಕ್‌ಬಿ 2001ರಲ್ಲಿ ತೀರಿಕೊಂಡರೂ ಅದು ನಿಂತಿಲ್ಲ. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯನ್ನು ರೂಪಿಸಿದರು. ಅಂಥ ಇಟ್ಟಿಗೆಯನ್ನು ತಾನೇ ಒತ್ತಿ, ನೀರುಣಿಸಿ ಗಟ್ಟಿಯಾಗಲು ಬಿಟ್ಟು, ಮುರಿದು ನೋಡಿ, ಒಂದು ಆಳೆತ್ತರದ ಗೋಡೆ ಎಬ್ಬಿಸಲು ಕೆಲವು ವಾರ ಸಾಕು. ಪ್ರತಿ ಕಾಲೇಜೂ ವರ್ಷಕ್ಕೊಂದು ಬಸ್ ತಂಗುದಾಣವನ್ನೋ ಅಂಗನವಾಡಿಯ ಅಡುಗೆಕೋಣೆಯನ್ನೋ ಪಂಚಾಯಿತಿಯ ಜತೆ ಸೇರಿ ಕಟ್ಟಿದರೆ ನಕ್ಷೆ, ಅಂದಾಜು, ಅನುಮತಿ, ಮೇಸ್ತ್ರಿ, ಬಿಲ್ಲು ಎಲ್ಲವೂ ಅದರೊಳಗೇ ಬಂದುಬಿಡುತ್ತವೆ.

ಇದು ಈಗಲೇ ಆಗಬೇಕು ಎನ್ನಲು ಕಾರಣವಿದೆ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ವಾಸ್ತುಶಿಲ್ಪಿಗಳ ಕಾಯ್ದೆಯ 37ನೇ ಕಲಂ ರಕ್ಷಿಸುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಮಾತ್ರ, ಕಟ್ಟಡ ವಿನ್ಯಾಸ ಮಾಡುವ ಕೆಲಸವನ್ನಲ್ಲ ಎಂದು ತೀರ್ಪು ಕೊಟ್ಟಿತು. ಅಂದರೆ ನೋಂದಣಿ ಇಲ್ಲದವರೂ ವಿನ್ಯಾಸ ಮಾಡಬಹುದು, ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮನೆಯ ನಕ್ಷೆ ಬರೆಯುವವರು ಹೆಚ್ಚಾಗಿ ಸಿವಿಲ್ ಎಂಜಿನಿಯರುಗಳು, ಡಿಪ್ಲೊಮಾ ಓದಿದವರು. ಅವರಿಗೆ ಸೈಟು ಗೊತ್ತು. ಇನ್ನೊಂದು ಕಡೆ 2016ರ ರೇರಾ ಕಾಯ್ದೆ ಆ ಹೆಸರಿನ ಮೇಲೆ ದೊಡ್ಡ ಭಾರವನ್ನೇ ಹೊರಿಸಿದೆ. ಫ್ಲ್ಯಾಟು ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇ. 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು. ಕೆಲಸ ಎಷ್ಟಾಗಿದೆ ಎಂದು ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕ ಮೂವರೂ ಪ್ರಮಾಣೀಕರಿಸಿದ ಮೇಲೆಯೇ ಅದನ್ನು ತೆಗೆಯಬಹುದು. ನೂರಾರು ಕುಟುಂಬಗಳ ಸಾಲದ ಹಣ ಆ ಸಹಿಯ ಮೇಲೆ ನಿಂತಿದೆ. ನಿನ್ನೆ ಪದವಿ ಪಡೆದವರ ಸಹಿಗೂ ಕಾನೂನಿನಲ್ಲಿ ಅಷ್ಟೇ ಬೆಲೆ.

ಆದ್ದರಿಂದ ಪದವಿಗೂ ನೋಂದಣಿಗೂ ನಡುವೆ ಎರಡು ವರ್ಷ ಇರಲಿ. ಸಂಬಳವಿರುವ ಎರಡು ವರ್ಷ, ಹಿರಿಯ ವಾಸ್ತುಶಿಲ್ಪಿಯೊಬ್ಬರ ಕೈಕೆಳಗೆ. ಪಾಲಿಕೆಗೆ ಸಲ್ಲಿಸಿ ಅನುಮತಿ ಪಡೆದ ಒಂದು ನಕ್ಷೆ, ತಾನೇ ತಯಾರಿಸಿದ ಒಂದು ಅಂದಾಜು ಪಟ್ಟಿ, ಪಾಯದಿಂದ ತಾರಸಿಯವರೆಗೆ ನೋಡಿಕೊಂಡ ಒಂದು ಕಟ್ಟಡ, ಇಷ್ಟನ್ನು ದಾಖಲೆ ಪುಸ್ತಕದಲ್ಲಿ ಬರೆದು, ಒಬ್ಬ ಎಂಜಿನಿಯರೂ ಇರುವ ಮಂಡಳಿಯ ಮುಂದೆ ಉತ್ತರ ಹೇಳಿ ಮೊಹರು ಪಡೆಯಲಿ. ಇದಕ್ಕೆ ಕಾಯ್ದೆ ತಿದ್ದಬೇಕಾಗುತ್ತದೆ. ಕೌನ್ಸಿಲ್ ಅದನ್ನು ಸರ್ಕಾರದ ಮುಂದಿಡಬೇಕು. ಕಚೇರಿಗಳು ಕಾಯ್ದೆಗೆ ಕಾಯಬೇಕಿಲ್ಲ, ಈ ವಾರ ಸ್ಲ್ಯಾಬ್ ಹಾಕುವ ದಿನ ತಮ್ಮ ಕಿರಿಯರನ್ನು ಜತೆಗೆ ಕರೆದೊಯ್ದರೆ ಸಾಕು. ಮನೆ ಕಟ್ಟಿಸಲು ಹೊರಟ ಓದುಗರಲ್ಲೂ ಒಂದು ಕೋರಿಕೆ: ಎಳೆಯ ಆರ್ಕಿಟೆಕ್ಟರಿಗೆ ಕೆಲಸ ಕೊಡಿ, ಸೈಟಿಗೆ ಎಷ್ಟು ಸಲ ಬರುತ್ತೀರಿ ಎಂದು ಮೊದಲೇ ಕೇಳಿ, ಆ ಭೇಟಿಗಳ ಫೀಸನ್ನು ಕರಾರಿನಲ್ಲಿ ಬರೆಸಿ, ತಪ್ಪದೆ ಕೊಡಿ.