ಬೀಟಾ ಪರೀಕ್ಷೆಗೆ ಮಗನನ್ನು ಬಿಡಬಹುದೇ?

ಎಂಜಿನಿಯರಿಂಗ್ ಓದುತ್ತಿರುವ ಮಗ 'ವರ್ಚುವಲೈಸೇಶನ್' ತಂತ್ರಾಂಶವೊಂದರ ಬೀಟಾ ಪರೀಕ್ಷೆಗೆ ಹೆಸರು ಕೊಡುತ್ತೇನೆ ಎನ್ನುತ್ತಾನೆ, ಮನೆಯಲ್ಲಿರುವುದು ಒಂದೇ ಕಂಪ್ಯೂಟರು, ಅಂಗಡಿಯ ಲೆಕ್ಕವೂ ಅದರಲ್ಲೇ ಇದೆ, ಒಪ್ಪಬಹುದೇ? ಇದು ಬಂಟ್ವಾಳ ಕಡೆಯ ಹೆತ್ತವರೊಬ್ಬರ ಪ್ರಶ್ನೆ. ಬೆಂಜನಪದವು, ಉಜಿರೆ, ಮಿಜಾರುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿರುವಾಗ ಈ ಪ್ರಶ್ನೆ ಒಂದೇ ಮನೆಯದಲ್ಲ.

ಮೊದಲು ವಿಷಯ ತಿಳಿಯೋಣ. ಒಂದೇ ಕಂಪ್ಯೂಟರಿನಲ್ಲಿ ಹಲವು ಕಂಪ್ಯೂಟರುಗಳು ಪ್ರತ್ಯೇಕವಾಗಿ ಕೆಲಸ ಮಾಡುವಂತೆ ಏರ್ಪಡಿಸುವುದೇ ವರ್ಚುವಲೈಸೇಶನ್. ದೊಡ್ಡ ಗುತ್ತಿನ ಮನೆಯಲ್ಲಿ ಒಂದೇ ಮಾಡಿನ ಕೆಳಗೆ ನಾಲ್ಕು ಸಂಸಾರಗಳು ಬೇರೆ ಬೇರೆ ಒಲೆ ಹೂಡಿದಂತೆ. ಮೆಮೊರಿ, ಪ್ರೊಸೆಸರಿನ ಸಮಯ ಇವನ್ನು ಹಂಚಿಕೊಡುವ ಯಜಮಾನನಿಗೆ 'ಹೈಪರ್‌ವೈಸರ್' ಎಂದು ಹೆಸರು. ಒಂದು ಒಲೆಯ ಅನ್ನ ಸೀದರೆ ಪಕ್ಕದ ಒಲೆಗೆ ತೊಂದರೆಯಿಲ್ಲ. ಆದರೆ ಮಾಡೇ ಕುಸಿದರೆ?

ಐಬಿಎಂ ಸಂಸ್ಥೆ 1960ರ ದಶಕದಲ್ಲೇ ಇದನ್ನು ಸಾಧಿಸಿ, 1972ರಲ್ಲಿ 'ವಿಎಂ/370' ಎಂಬ ಹೆಸರಿನಲ್ಲಿ ಗ್ರಾಹಕರಿಗೆ ಒದಗಿಸಿತು. 1998ರಲ್ಲಿ ಆರಂಭವಾದ ವಿಎಂವೇರ್ ಕಂಪೆನಿ ಮರುವರ್ಷವೇ ಅದನ್ನು ಸಾಮಾನ್ಯ ಪಿ.ಸಿ.ಗೆ ತಂದಿತು. 2007ರಲ್ಲಿ 'ಕೆವಿಎಂ' ಲಿನಕ್ಸಿನ ಒಳಗೇ ಸೇರಿತು. ಇಂದು ದೊಡ್ಡ ಸಂಸ್ಥೆಗಳ ಸರ್ವರುಗಳು ಬಹುಪಾಲು ನಡೆಯುವುದು ಹೀಗೆಯೇ. ಆದುದರಿಂದ ಇಲ್ಲಿ ಒಂದು ದೋಷ ಉಳಿದರೆ ಅದರ ಮೇಲೆ ನಿಂತ ಹತ್ತಾರು ಕೆಲಸಗಳು ಒಟ್ಟಿಗೆ ನಿಲ್ಲುತ್ತವೆ. ಬಿಡುಗಡೆಗೆ ಮೊದಲು ಹೊರಗಿನವರಿಂದ ಪರೀಕ್ಷೆ ಮಾಡಿಸುವುದು ಇದಕ್ಕಾಗಿ. ಕಂಪೆನಿಯೊಳಗಿನ ಪರೀಕ್ಷೆ 'ಆಲ್ಫಾ', ಹೊರಗಿನವರದು 'ಬೀಟಾ'.

ದೊಡ್ಡ ಸಂಸ್ಥೆಗಳಿಗೆಂದೇ ತಯಾರಾಗುವ ತಂತ್ರಾಂಶದ ಬೀಟಾ ಸಾಮಾನ್ಯವಾಗಿ ಅವುಗಳ ಗ್ರಾಹಕರಿಗೇ ಮೀಸಲು. ವಿದ್ಯಾರ್ಥಿಗಳಿಗೆ ತೆರೆದ ಬಾಗಿಲು ಬೇರೆ ಇದೆ. ವರ್ಚುವಲ್‌ಬಾಕ್ಸಿನ ಪರೀಕ್ಷಾ ಆವೃತ್ತಿಗಳು ಎಲ್ಲರಿಗೂ ಸಿಗುತ್ತವೆ. ಫೆಡೋರಾ ಲಿನಕ್ಸಿನವರು 'ಪರೀಕ್ಷಾ ದಿನ'ಗಳನ್ನೇ ಏರ್ಪಡಿಸುತ್ತಾರೆ. ಶುಲ್ಕವಿಲ್ಲ, ಯಾರೂ ಸೇರಬಹುದು.

ಸೇರಿದವರ ಕೆಲಸ ಹೊಸದನ್ನು ಎಲ್ಲರಿಗಿಂತ ಮೊದಲು ನೋಡಿ ಖುಷಿಪಡುವುದಲ್ಲ, ವರದಿ ಬರೆಯುವುದು. ವಿದ್ಯಾರ್ಥಿಗಳೇ, ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ನೆನಪಿದೆಯಲ್ಲ? ಉದ್ದೇಶ, ಸಲಕರಣೆ, ವಿಧಾನ, ವೀಕ್ಷಣೆ, ಫಲಿತಾಂಶ. ಇಲ್ಲೂ ಅದೇ ಕ್ರಮ. ಯಾವ ಪ್ರೊಸೆಸರು, ಎಷ್ಟು ಮೆಮೊರಿ, ತಂತ್ರಾಂಶದ ಎಷ್ಟನೆಯ ಆವೃತ್ತಿ, ಯಾವ ಕ್ರಮದಲ್ಲಿ ಏನೇನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು. 'ಕೆಲಸ ಮಾಡುತ್ತಿಲ್ಲ' ಎಂಬ ಒಂದು ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ನೀವು ಬರೆದ ಕ್ರಮದಲ್ಲೇ ಮಾಡಿದಾಗ ಬೇರೊಬ್ಬರಿಗೂ ಅದೇ ದೋಷ ಕಾಣಿಸಿದರೆ ಮಾತ್ರ ವರದಿ ಸರಿಯಾಗಿದೆ ಎಂದರ್ಥ. ನೋಡಿ ಬರೆದ ರೆಕಾರ್ಡಿಗೆ ಅಂಕ ಸಿಗಬಹುದು. ಇಲ್ಲಿ ಅದು ನಡೆಯದು.

ಹೆತ್ತವರು ಗಮನಿಸಬೇಕಾದುದು ಮೂರು. ಒಂದು, ಲೆಕ್ಕಪತ್ರ, ಮನೆಯ ಫೋಟೊಗಳಿರುವ ಕಂಪ್ಯೂಟರಿನಲ್ಲಿ ಬೀಟಾ ಹಾಕಲೇಬಾರದು. ಹಿಂದಿನ ಸ್ಥಿತಿಗೆ ಮರಳಿಸುವ 'ಸ್ನ್ಯಾಪ್‌ಶಾಟ್' ಇದೆಯಲ್ಲ ಎಂದು ಮಕ್ಕಳು ವಾದಿಸಬಹುದು. ಡಿಸ್ಕೇ ಕೆಟ್ಟರೆ ಅದೂ ಹೋಗುತ್ತದೆ. ಬೇರೆ ಡಿಸ್ಕಿನಲ್ಲಿ ಪ್ರತಿ ಇರಬೇಕು. ಎರಡು, ನಮ್ಮ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ನಡುವೆ ಕರೆಂಟು ಹೋದರೆ ಕಡತಗಳು ಕೆಡಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು. ಮೂರು, ಕಂಪೆನಿಗಳು ಗೌಪ್ಯತೆಯ ಕರಾರಿಗೆ ಒಪ್ಪಿಗೆ ಕೇಳುವುದುಂಟು. 1872ರ ಭಾರತೀಯ ಕರಾರು ಕಾಯಿದೆಯಂತೆ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. 18 ದಾಟಿದವರು ಓದಿಯೇ ಒಪ್ಪಬೇಕು. ಒಪ್ಪಿದ ಮೇಲೆ ಗೆಳೆಯರಿಗೆ ಚಿತ್ರ ತೆಗೆದು ಕಳಿಸುವಂತಿಲ್ಲ.

ಹಾಗಾದರೆ ಮಗನನ್ನು ತಡೆಯಬೇಕೇ? ಬೇಡ. ಆ ಕಂಪ್ಯೂಟರನ್ನು ಮಾತ್ರ ಕೊಡಬೇಡಿ. 8 ಜಿ.ಬಿ. ಮೆಮೊರಿಯ ಹಳೆಯ ಯಂತ್ರವೊಂದು ಸಿಕ್ಕಿದರೂ ಆರಂಭಕ್ಕೆ ಸಾಕು. ಕಾಲೇಜಿನ ಲ್ಯಾಬಿನಲ್ಲಿ ಅನುಮತಿ ದೊರೆತರೆ ಇನ್ನೂ ಒಳ್ಳೆಯದು. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸ ಅವನಿಗೆ ಬಂದರೆ, ಆ ತಂತ್ರಾಂಶ ನಾಳೆ ಮೂಲೆಗೆ ಸೇರಿದರೂ ಕಲಿತದ್ದು ಉಳಿಯುತ್ತದೆ.